ಎಂಟು ಓವರ್, ಒಂದು ರನ್

ಮನೆಗೆ ಬಂದು ಹನ್ನೊಂದು ದಿನ ಆಯಿತು. ನಿನ್ನೆ ಸಂಜೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಗೇಟಿನ ತನಕ ಹೋಗಿ ಬಂದೆ. ಇನ್ನು ತಡ ಮಾಡಬಾರದು ಅನಿಸಿತು. ಕ್ರಿಕೆಟ್ ಆಡಲು ಶ್ರೀಲಂಕಾಕ್ಕೆ ಜೊತೆಗೆ ಬಂದ ಹದಿನಾಲ್ಕು ಜನರಿಗೆ, ಅಲ್ಲಿ ನಮ್ಮನ್ನು ಮನೆಯವರ ಹಾಗೆ ನೋಡಿಕೊಂಡವರಿಗೆ, ಇಲ್ಲಿ ಫೋನ್ ಹಿಡಿದು ಕೂತಿದ್ದವರಿಗೆ, ಎಲ್ಲರಿಗೂ ಎಲ್ಲರ ಎದುರಿಗೇ ಥ್ಯಾಂಕ್ಸ್ ಹೇಳಬೇಕು.

ಮೂರನೇ ಮ್ಯಾಚಿನ ದಿನ ಮೈದಾನದಲ್ಲೇ ಕುಸಿದ ನನಗೆ ಏನಾಯಿತು, ಯಾಕಾಯಿತು, ಡಾಕ್ಟರ್ ಏನಂದರು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಆ ಒಂದು ರಾತ್ರಿಯಿಂದಾಗಿ ಇಡೀ ಪ್ರವಾಸವೇ ಆಸ್ಪತ್ರೆಯ ಕಥೆ ಆಗಿಬಿಡಬಾರದು. ಹಾಗಾಗಿ ಮೊದಲು ಖುಷಿಯ ಮಾತು.

ಇಷ್ಟು ವರ್ಷ ಭಾನುವಾರ ಬೆಳಿಗ್ಗೆ ಆಡಿ ಮಧ್ಯಾಹ್ನ ಮನೆಗೆ ಹೋಗುತ್ತಿದ್ದ ನಾವು, ಕಿಟ್ ಬ್ಯಾಗ್ ಹೊತ್ತು ಸಮುದ್ರ ದಾಟಿದ್ದೇ ನನಗೆ ದೊಡ್ಡ ವಿಷಯ. ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ರೈಲು ನೆನಪಿದೆಯಾ? ಹಳಿಗೂ ಅಲೆಗೂ ಕೆಲವು ಕಡೆ ಹತ್ತು ಹೆಜ್ಜೆ ದೂರವೂ ಇರಲಿಲ್ಲ. ನಮ್ಮ ವೇಗದ ಬೌಲರ್ ಇಬ್ಬರೂ ಬಾಗಿಲ ಹತ್ತಿರ ನಿಂತು ದಾರಿಯುದ್ದಕ್ಕೂ ಹಾಡಿದರು. ನಾಲ್ಕನೇ ಸ್ಟೇಷನ್ ಹೊತ್ತಿಗೆ ಪಕ್ಕದ ಸೀಟಿನ ಅಜ್ಜಿಯೂ ತಾಳ ಹಾಕುತ್ತಿದ್ದರು. ಭಾಷೆ ಬರಲಿಲ್ಲ, ತಾಳ ಬಂತು.

ಸಿಂಹಳದಲ್ಲಿ ‘ಹರಿ’ ಅಂದರೆ ಸರಿ ಅಂತ. ಎರಡನೇ ದಿನದಿಂದ ನಾವು ಎಲ್ಲದಕ್ಕೂ ‘ಹರಿ ಹರಿ’ ಅನ್ನೋಕೆ ಶುರು ಮಾಡಿದೆವು. ತಮ್ಮನಿಗೆ ಅವರು ‘ಮಲ್ಲಿ’ ಅನ್ನುತ್ತಾರೆ. ನಮ್ಮ ತಂಡದ ಅತಿ ಚಿಕ್ಕ ಹುಡುಗನನ್ನು ಊರವರೆಲ್ಲ ಮಲ್ಲಿ ಮಲ್ಲಿ ಅಂತ ಕರೆದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಅಕ್ಕ ಅಂದರೆ ಅಲ್ಲೂ ಅಕ್ಕನೇ. ಅಮ್ಮ ಅಂದರೆ ಅಲ್ಲೂ ಅಮ್ಮನೇ. ಈ ಎರಡು ಪದ ನನಗೆ ಆಮೇಲೆ ಎಷ್ಟು ಬೇಕಾದವು ಅನ್ನೋದು ಆಗ ಗೊತ್ತಿರಲಿಲ್ಲ.

ಬೀಚಿನಲ್ಲಿ ಹುಡುಗರ ಜೊತೆ ಆಡಿದ ಆ ಸಂಜೆಯನ್ನು ನಾನು ಯಾವ ಮ್ಯಾಚಿಗೂ ಬದಲಾಯಿಸಿಕೊಳ್ಳುವುದಿಲ್ಲ. ಶ್ರೀಲಂಕಾದ ವೇಗದ ಬೌಲರ್ ಲಸಿತ್ ಮಾಲಿಂಗ ಬೆಳೆದ ರತ್ಗಮ, ದಕ್ಷಿಣ ಕರಾವಳಿಯ ಗಾಲೆ ಊರಿನ ಹತ್ತಿರವೇ ಇದೆ. ಅಲ್ಲಿನ ಪ್ರತಿ ಎರಡನೇ ಹುಡುಗ ಅವರ ಹಾಗೇ ಕೈಯನ್ನು ಪಕ್ಕಕ್ಕೆ ಬೀಸಿ ಎಸೆಯುತ್ತಾನೆ. ಚೆಂಡು ಅಂಪೈರ್ ಹೊಟ್ಟೆಯ ಹತ್ತಿರದಿಂದ ಹೊರಡುತ್ತದೆ, ಎಲ್ಲಿಂದ ಬಂತು ಅಂತ ತಿಳಿಯುವಷ್ಟರಲ್ಲಿ ಕಾಲ್ಬೆರಳಿನ ಮೇಲಿರುತ್ತದೆ. ನಮ್ಮ ಓಪನರ್ ಮೂರು ಸಲ ಬೌಲ್ಡ್ ಆದ. ಮೂರು ಸಲವೂ ಹುಡುಗರು ‘ಇನ್ನೊಂದು ಚಾನ್ಸ್’ ಅಂತ ಅವನನ್ನೇ ಬ್ಯಾಟಿಂಗ್‌ಗೆ ನಿಲ್ಲಿಸಿದರು. ಅಷ್ಟು ದೊಡ್ಡ ಮನಸ್ಸು.

ಗಾಲೆಯ ಕೋಟೆ ಗೋಡೆಯ ಮೇಲೂ ನಾವೆಲ್ಲ ಸಾಲಾಗಿ ನಿಂತಿದ್ದೆವು. ಬೆನ್ನ ಹಿಂದೆ ಗಡಿಯಾರದ ಗೋಪುರ, ಕೆಳಗೆ ಟೆಸ್ಟ್ ಮೈದಾನ, ಎರಡೂ ಕಡೆ ಸಮುದ್ರ. 2004ರ ಡಿಸೆಂಬರ್ 26ರಂದು ಸುನಾಮಿ ನೀರು ಆ ಮೈದಾನಕ್ಕೆ ನುಗ್ಗಿ ಎಲ್ಲವನ್ನೂ ಹಾಳು ಮಾಡಿತ್ತು. ಅಲ್ಲಿ ಮತ್ತೆ ಟೆಸ್ಟ್ ನಡೆದದ್ದು 2007ರ ಡಿಸೆಂಬರ್‌ನಲ್ಲಿ. ನಮ್ಮನ್ನು ಕರೆದುಕೊಂಡು ಹೋದ ಅಲ್ಲಿನ ತಂಡದ ಹಿರಿಯರು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ನಾವೂ ಏನೂ ಕೇಳಲಿಲ್ಲ. ಕೆಳಗೆ ಪಿಚ್‌ಗೆ ನೀರು ಹಾಕುತ್ತಿದ್ದವನೊಬ್ಬ ತಲೆಯೆತ್ತಿ ನಮ್ಮ ಕಡೆ ಕೈ ಬೀಸಿದ. ಹದಿನೈದು ಜನ ಒಟ್ಟಿಗೇ ಕೈ ಬೀಸಿದೆವು.

ಅದು ಮೂರನೇ ಮ್ಯಾಚಿನ ಹಿಂದಿನ ದಿನ.

ಈಗ ಥ್ಯಾಂಕ್ಸ್. ನಾನು ಬೌಂಡರಿ ಹತ್ತಿರ ಕುಸಿದಾಗ ಮೊದಲು ಓಡಿ ಬಂದ ಎದುರಾಳಿ ತಂಡದ ವಿಕೆಟ್ ಕೀಪರ್‌ಗೆ. ಒಂದು ಕ್ಷಣವೂ ಯೋಚಿಸದೆ 1990ಕ್ಕೆ ಫೋನ್ ಮಾಡಿದ ಅವರ ಕ್ಯಾಪ್ಟನ್‌ಗೆ. ‘ಸುವ ಸೆರಿಯ’ ಅನ್ನುವ ಆ ಉಚಿತ ಆಂಬ್ಯುಲೆನ್ಸ್ ಸೇವೆ 2016ರಲ್ಲಿ ನಮ್ಮ ದೇಶದ ನೆರವಿನಿಂದ ಶುರುವಾದದ್ದಂತೆ. ಆ ಗಾಡಿಯಲ್ಲಿ ನನ್ನ ತಲೆ ಹಿಡಿದು ಕೂತ ಹುಡುಗನಿಗೂ ಥ್ಯಾಂಕ್ಸ್. ಮೂರು ದಿನ ಮನೆಯಿಂದ ಗಂಜಿ ಮಾಡಿ ತಂದ ಅಕ್ಕನಿಗೆ, ಟಿಕೆಟ್ ಬದಲಾಯಿಸಲು ಓಡಾಡಿದ ನಮ್ಮ ಮ್ಯಾನೇಜರ್‌ಗೆ, ಉಳಿದ ಎರಡು ಮ್ಯಾಚ್ ಆಡಿಯೇ ಆಡಬೇಕು ಅಂತ ನಾನು ಹಟ ಹಿಡಿದಾಗ ಮನಸ್ಸಿಲ್ಲದಿದ್ದರೂ ಹೋಗಿ ಆಡಿ, ಒಂದನ್ನು ಗೆದ್ದು ಬಂದ ನಿಮ್ಮೆಲ್ಲರಿಗೆ. ಬೆಳಿಗ್ಗೆ ತನಕ ಏನೂ ಗೊತ್ತಿಲ್ಲದೆ, ಗೊತ್ತಾದ ಮೇಲೆ ಒಂದು ಮಾತೂ ಬೈಯದೆ ಇದ್ದ ನನ್ನ ಹೆಂಡತಿಗೆ. ಇವರಲ್ಲಿ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಯಬೇಕು. ಆದರೆ ಇವತ್ತು ಬರೆಯಲು ಕೂತದ್ದು ಒಬ್ಬರ ಸಲುವಾಗಿ.

ನಮ್ಮ ಸ್ಕೋರರ್ ಅಣ್ಣ.

ಅಣ್ಣ ನಮ್ಮ ತಂಡಕ್ಕೆ ಬಂದು ಒಂಬತ್ತು ವರ್ಷ. ಒಂಬತ್ತು ವರ್ಷದಲ್ಲಿ ನಾವು ಆಡಿದ ಎಲ್ಲ ಮ್ಯಾಚಿನ ಪ್ರತಿ ಚೆಂಡೂ ಅವರ ಪುಸ್ತಕದಲ್ಲಿದೆ. ಕ್ರಿಕೆಟ್ ನಿಯಮದಲ್ಲಿ ಮೂರನೆಯದು ಸ್ಕೋರರ್‌ಗಳ ಬಗ್ಗೆ. ಇಬ್ಬರು ಇರಬೇಕು ಅನ್ನುತ್ತದೆ ಅದು. ನಮ್ಮಲ್ಲಿ ಯಾವತ್ತೂ ಅವರೊಬ್ಬರೇ. ಒಂದು ಕುರ್ಚಿ, ತೊಡೆಯ ಮೇಲೆ ರಟ್ಟು, ಜೇಬಿನಲ್ಲಿ ಎರಡು ಪೆನ್ಸಿಲ್, ಒಂದು ರಬ್ಬರ್. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಬ್ಯಾಟಿನಿಂದ ಬರದ ಎಕ್ಸ್‌ಟ್ರಾ ರನ್ ಸೇರಿಸಿದರೂ ತಂಡದ ಒಟ್ಟು ಮೊತ್ತವೇ ಬರಬೇಕು, ಬೌಲರ್‌ಗಳು ಕೊಟ್ಟ ರನ್ನಿಗೆ, ಅವರ ಲೆಕ್ಕಕ್ಕೆ ಸೇರದ ಬೈ, ಲೆಗ್ ಬೈ ರನ್ ಸೇರಿಸಿದರೂ ಅಷ್ಟೇ ಬರಬೇಕು. ಎರಡೂ ತಾಳೆಯಾಗುವ ತನಕ ಅವರು ಊಟಕ್ಕೆ ಏಳುವುದಿಲ್ಲ. ನಾವು ಊಟ ಮುಗಿಸಿ ಎಷ್ಟೋ ಸಲ ಅವರನ್ನು ಅಲ್ಲೇ ಬಿಟ್ಟು ಹೊರಟಿದ್ದೇವೆ.

ಅಂಪೈರ್ ಬೌಂಡರಿ ಅಂತ ಕೈ ಆಡಿಸಿದಾಗ ಸ್ಕೋರರ್ ಕೈ ಎತ್ತಿ ತೋರಿಸಬೇಕು. ನೋಡಿದೆ, ಬರೆದುಕೊಂಡೆ ಅಂತ. ಆ ಕೈ ಮೇಲೆ ಏಳುವ ತನಕ ಅಂಪೈರ್ ಮುಂದಿನ ಚೆಂಡು ಹಾಕಿಸುವ ಹಾಗಿಲ್ಲ. ಒಂಬತ್ತು ವರ್ಷ ನಾನು ಫೋರ್ ಹೊಡೆದಾಗೆಲ್ಲ ಬೌಂಡರಿ ಆಚೆ ಆ ಕೈ ಎದ್ದಿದೆ. ನಾನು ಒಂದು ದಿನವೂ ಆ ಕಡೆ ನೋಡಿರಲಿಲ್ಲ.

ಆ ರಾತ್ರಿ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಇರಲು ಅವಕಾಶ ಅಂದರು. ಯಾರು ಅಂತ ನೀವೆಲ್ಲ ಹೊರಗೆ ಮಾತಾಡುತ್ತಿರುವಾಗಲೇ ಅಣ್ಣ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಾಗಿತ್ತು. ತೊಡೆಯ ಮೇಲೆ ಅದೇ ರಟ್ಟು, ಅದೇ ಪುಸ್ತಕ. ಮಧ್ಯಾಹ್ನದ ಮ್ಯಾಚಿನ ಲೆಕ್ಕ ಮುಗಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಕಣ್ಣು ಮುಚ್ಚಿತು.

ಎಷ್ಟು ಸಲ ಎಚ್ಚರ ಆಯಿತೋ ನೆನಪಿಲ್ಲ. ನೆನಪಿರೋದು ಇಷ್ಟೇ. ನಾನು ಕಣ್ಣು ಬಿಟ್ಟಾಗೆಲ್ಲ ಅಣ್ಣ ಬಲಗೈ ಎತ್ತುತ್ತಿದ್ದರು. ಮಾತಿಲ್ಲ. ಭುಜದ ಮಟ್ಟಕ್ಕೆ ಬಂದು ಇಳಿಯುವ ಕೈ. ನೋಡಿದೆ, ಬರೆದುಕೊಂಡೆ.

ರಾತ್ರಿ ಎರಡೂವರೆ ಹೊತ್ತಿಗೆ ನನಗೆ ತುಂಬಾ ಭಯ ಆಯಿತು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ. ಸತ್ತೇ ಹೋಗುತ್ತೇನೆ ಅನಿಸಿತು. ಗೊತ್ತಿಲ್ಲದ ಊರು, ಗೋಡೆಯ ಮೇಲೆ ಓದಲು ಬಾರದ ಅಕ್ಷರ, ಪಕ್ಕದ ಮಂಚದಲ್ಲಿ ಯಾರೋ ನಿದ್ದೆಯಲ್ಲಿ ‘ಅಮ್ಮ’ ಅಂತ ನರಳುತ್ತಿದ್ದರು. ಆ ಒಂದು ಪದ ಅರ್ಥ ಆಗಿದ್ದೇ ಕಷ್ಟ ಆಯಿತು. ನನ್ನ ಮಗಳಿಗೆ ಶಂಖ ತರ್ತೀನಿ ಅಂತ ಹೇಳಿ ಬಂದಿದ್ದೆ. ಅಣ್ಣ, ಶಂಖ ತಗೊಂಡಿಲ್ಲ ಅಂತ ಅಂದೆ. ಅಳು ಬಂತು. ಜೋರಾಗಿ ಅತ್ತೆ. ಮನೆಗೆ ಫೋನ್ ಮಾಡಿ ಅಂದೆ.

ಅವರು ‘ಏನೂ ಆಗಲ್ಲ, ಸುಮ್ನೆ ಮಲಗು’ ಅನ್ನಲಿಲ್ಲ. ಗಡಿಯಾರ ನೋಡಿದರು. ‘ಅಲ್ಲೂ ಈಗ ಎರಡೂವರೆಯೇ ಕಣೋ. ನಮಗೂ ಇವರಿಗೂ ಒಂದೇ ಟೈಮು. ಬೆಳಗಾಗಲಿ, ಆರು ಗಂಟೆಗೆ ನೀನೇ ಮಾತಾಡು’ ಅಂದರು. ‘ನಾನು ಮಾತಾಡ್ತೀನಿ’ ಅನ್ನಲಿಲ್ಲ, ‘ನೀನೇ ಮಾತಾಡು’ ಅಂದರು. ಆ ಒಂದು ಮಾತನ್ನು ಹಿಡಿದುಕೊಂಡು ಬೆಳಗು ಮಾಡಿದೆ.

ಆಮೇಲೆ ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಕಥೆ ಹೇಳಿದರು. ಹಿಂದಿನ ದಿನ ಕೋಟೆಯ ಮೇಲಿಂದ ನೋಡಿದ ಅದೇ ಮೈದಾನ, 2010ರ ಜುಲೈ. ಇದೇ ನನ್ನ ಕೊನೆಯ ಟೆಸ್ಟ್ ಅಂತ ಮೊದಲೇ ಹೇಳಿಬಿಟ್ಟಿದ್ದರು ಮುರಳಿ. ಟೆಸ್ಟ್‌ನಲ್ಲಿ ಎಂಟುನೂರು ವಿಕೆಟ್ ಆಗಲು ಇನ್ನೂ ಎಂಟು ಬೇಕು, ಎದುರಿಗೆ ನಮ್ಮವರು. ಏಳು ಬಂತು. 799. ಉಳಿದದ್ದು ಒಂದೇ ವಿಕೆಟ್. ಅದನ್ನು ಬೇರೆ ಬೌಲರ್ ತೆಗೆದರೂ, ರನ್ ಔಟ್ ಆದರೂ, ಅಲ್ಲಿಗೇ ಮುಗೀತು. ಇಶಾಂತ್ ಶರ್ಮಾ, ಪ್ರಗ್ಯಾನ್ ಓಜಾ ಔಟಾಗದೆ ನಿಂತುಬಿಟ್ಟರು. ಅಣ್ಣ ತುಂಬಾ ನಿಧಾನವಾಗಿ ಹೇಳಿದರು. ಕಡೆಗೆ ಓಜಾ ಬ್ಯಾಟಿನ ಅಂಚು, ಸ್ಲಿಪ್‌ನಲ್ಲಿ ಮಹೇಲ ಜಯವರ್ಧನೆ. ‘ಎಲ್ಲರೂ ಮುರಳಿಯನ್ನು ನೋಡ್ತಿದ್ರು. ನಾನು ಟೀವಿ ಮುಂದೆ ಕೂತು, ಆವತ್ತು ಸ್ಕೋರ್ ಬರೀತಿದ್ದವರ ಬಗ್ಗೆ ಯೋಚಿಸ್ತಿದ್ದೆ. ಆ ಚೆಂಡನ್ನು ಬರೆಯೋವಾಗ ಅವರ ಕೈ ನಡುಗಿರುತ್ತೆ, ಅಲ್ವಾ?’

ಅಣ್ಣನೂ ಸ್ಪಿನ್ನರ್ ಆಗಿದ್ದರಂತೆ, ಎಡಗೈ ಸ್ಪಿನ್ನರ್. ಭುಜ ಕೈಕೊಟ್ಟ ಮೇಲೆ ಬಿಟ್ಟರಂತೆ. ಆದರೂ ಭಾನುವಾರ ಮನೆಯಲ್ಲಿ ಕೂರಲು ಆಗದೆ ಪೆನ್ಸಿಲ್ ಹಿಡಿದರಂತೆ. ಒಂಬತ್ತು ವರ್ಷ ಜೊತೆಗಿದ್ದೂ ನಾನು ಇದನ್ನು ಕೇಳಿರಲಿಲ್ಲ. ಅಣ್ಣ, ಇದಕ್ಕೆ ಥ್ಯಾಂಕ್ಸ್ ಅಲ್ಲ, ಕ್ಷಮೆ ಕೇಳಬೇಕು. ಕೇಳುತ್ತಿದ್ದೇನೆ.

ನರ್ಸ್ ಬಂದು ನೋಡಿ, ಸ್ವಲ್ಪ ನೀರು ಕೊಡಬಹುದು ಅಂದರು. ಅಲ್ಲಿ ನರ್ಸ್‌ಗೆ ಎಲ್ಲರೂ ‘ಮಿಸ್’ ಅನ್ನುತ್ತಾರೆ. ಅಣ್ಣ ‘ಹರಿ ಮಿಸ್’ ಅಂದರು. ಎರಡು ಗುಟುಕು ಕುಡಿಸಿದರು. ಆರು ಗಂಟೆಗೆ ನಾನೇ ಮನೆಗೆ ಫೋನ್ ಮಾಡಿದೆ.

ಹೊರಡುವ ಹಿಂದಿನ ದಿನ ಪುಸ್ತಕ ತೆಗೆದುಕೊಂಡು ನೋಡಿದೆ. ಮೂರನೇ ಮ್ಯಾಚ್ ಆದ ಮೇಲೆ ಒಂದು ಹಾಳೆ, ಮೇಲೆ ಬರೀ ತಾರೀಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹತ್ತು ನಿಮಿಷಕ್ಕೊಂದು ಚುಕ್ಕೆ. ನನ್ನ ಉಸಿರು ನೋಡಿ ಒಂದು ಚುಕ್ಕೆ, ಮತ್ತೆ ಹತ್ತು ನಿಮಿಷ, ಮತ್ತೊಂದು ಚುಕ್ಕೆ. ಗಂಟೆಗೆ ಆರು, ಅಂದರೆ ಒಂದು ಓವರ್. ಒಂದೂ ರನ್ ಬರದ ಮೇಡನ್ ಓವರ್ ಆದರೆ ಸ್ಕೋರರ್‌ಗಳು ಆರು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ‘ಎಮ್’ ಮಾಡುತ್ತಾರಲ್ಲ, ಹಾಗೆ ಮಾಡಿದ್ದರು. ಐದನೇ ಓವರ್‌ನಲ್ಲಿ ಮಾತ್ರ ಎಮ್ ಇರಲಿಲ್ಲ. ನಾಲ್ಕನೇ ಚೆಂಡಿಗೆ ಚುಕ್ಕೆಯ ಬದಲು ಒಂದು ಅಂತ ಇತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ನೀರು, 2 ಗುಟುಕು.’

ಬೌಲರ್ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಅದರ ಮುಂದೆ ಲೆಕ್ಕ ಕೂಡಿಸಿತ್ತು. 8 ಓವರ್, 7 ಮೇಡನ್, 1 ರನ್. ವಿಕೆಟ್ ಕಾಲಂನಲ್ಲಿ ಸೊನ್ನೆ.

ಆ ಸೊನ್ನೆಯನ್ನು ಎಷ್ಟು ಒತ್ತಿ ಬರೆದಿದ್ದರು ಅಂದರೆ ಹಾಳೆಯ ಹಿಂದೆ ಬೆರಳಾಡಿಸಿದರೆ ಸಿಗುತ್ತಿತ್ತು.

ಆ ಹಾಳೆ ಕೊಡಿ ಅಂತ ಕೇಳಿದೆ. ಕೊಡಲಿಲ್ಲ. ಸ್ಕೋರ್ ಪುಸ್ತಕದಿಂದ ಹಾಳೆ ಹರಿಯಬಾರದು ಅಂದರು. ಜೇಬಿನಿಂದ ಪೇಪರ್ ಸುತ್ತಿದ ಒಂದು ಶಂಖ ತೆಗೆದು ಕೊಟ್ಟರು. ನಾಲ್ಕನೇ ಮ್ಯಾಚಿನ ದಿನ ಟೀ ಹೊತ್ತಿನಲ್ಲಿ ಹೋಗಿ ತಂದದ್ದಂತೆ. ಮಗಳು ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾಳೆ.

ಅಣ್ಣ, ಇನ್ನು ಮೂರು ತಿಂಗಳು ಆಡಬೇಡ ಅಂದಿದ್ದಾರೆ ಡಾಕ್ಟರ್. ಕೂರಬಹುದಾ ಅಂತ ಕೇಳಿದೆ, ಕೂರಬಹುದು ಅಂದರು. ಈ ಭಾನುವಾರ ನಿಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ. ಪೆನ್ಸಿಲ್ ನಾನು ತರುತ್ತೇನೆ.