ಆಪ್ ವಿನ್ಯಾಸ: ಶನಿವಾರದೊಳಗೆ ಒಂದು ಕೆಲಸ

ಎಲ್ಲರಿಗೂ ನಮಸ್ಕಾರ. ವಿದೇಶಿ ವಿದ್ಯಾರ್ಥಿಗಳಿಗೆ ಹೊಸ ಊರಲ್ಲಿ ಗೆಳೆಯರು ಸಿಗಲೆಂದು ನಾವು ಮಾಡುತ್ತಿರುವ ಆಪ್ ಬಗ್ಗೆ ಸ್ವಲ್ಪ ಹೇಳುವುದಿದೆ.

ನಮ್ಮ ವಿನ್ಯಾಸದಲ್ಲಿ ಮೊದಲ ಪರದೆಯೇ ಮೊಬೈಲ್ ನಂಬರ್ ಕೇಳುತ್ತದೆ. ಈಗಷ್ಟೇ ವಿಮಾನ ಇಳಿದವರ ಹತ್ತಿರ ಹೊಸ ದೇಶದ ಸಿಮ್ ಇರುವುದಿಲ್ಲ. ಹಳೆಯ ನಂಬರಿಗೆ ಒಟಿಪಿ ಬರುವ ಖಾತ್ರಿಯೂ ಇಲ್ಲ. ಯಾರಿಗೆ ಜನ ಬೇಕೋ ಅವರೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ ಅಲ್ವಾ? ಇಮೇಲ್ ಸಾಕು.

ಫೋಟೊ ನೋಡಿ ಜನರನ್ನು ಆರಿಸುವ ಪರದೆಗೆ ನನ್ನ ಒಪ್ಪಿಗೆಯಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು. ಆಪ್ತ ಸ್ನೇಹಕ್ಕೆ 200ಕ್ಕಿಂತ ಜಾಸ್ತಿ. ಫೋಟೊ ನೋಡಿ ಆರಿಸುವುದರಿಂದಾಗಲಿ, ಒಂದು ದಿನದ ದೊಡ್ಡ ಕೂಟದಿಂದಾಗಲಿ ಅದು ಆಗದು. ಅದರ ಬದಲು ಆಪ್ ಹೀಗೆ ಸೇರಿಸಲಿ: ಐದಾರು ಜನರ ಗುಂಪು, ಪ್ರತಿ ವಾರ ಅದೇ ದಿನ, ಅದೇ ಜಾಗ. ಓಟವೋ, ಅಡುಗೆಯೋ, ಭಾಷೆ ಕಲಿಯುವುದೋ, ಏನಾದರೂ ಸರಿ. ಯಾರಾದರೂ ಎರಡು ವಾರ ಬಾರದಿದ್ದರೆ ಗುಂಪಿನವರೇ ವಿಚಾರಿಸುವಂತೆ ಆಪ್ ನೆನಪಿಸಲಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ದೇಶದ ಪ್ರಕಾರ ಮಾತ್ರ ಗುಂಪು ಮಾಡುವುದು ಬೇಡ. ತಾಯ್ನುಡಿಯವರು ಸಿಕ್ಕರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಸ್ಥಳೀಯ ವಿದ್ಯಾರ್ಥಿಗಳೂ ಜೊತೆಗಿರಲಿ. ಮನೆ ವಿಳಾಸ ಯಾರಿಗೂ ಕಾಣಬಾರದು.

ಶನಿವಾರದೊಳಗೆ ಪ್ರತಿಯೊಬ್ಬರೂ ಇಬ್ಬರು ವಿದೇಶಿ ವಿದ್ಯಾರ್ಥಿಗಳ ಜೊತೆ ಮಾತಾಡಿ. "ಆಪ್ ಬೇಕಾ?" ಅಂತ ಕೇಳಬೇಡಿ, ಸುಮ್ನೆ ಹೂಂ ಅಂದುಬಿಡುತ್ತಾರೆ. ಮೊದಲ ತಿಂಗಳ ರಜೆ ದಿನಗಳನ್ನು ಹೇಗೆ ಕಳೆದಿರಿ ಎಂದು ಕೇಳಿ. ಅವರ ಮಾತಿನಲ್ಲೇ ಬರೆದು ಇಲ್ಲಿ ಹಾಕಿ. ಹೆಸರು ಬೇಡ.