ಹಗ್ಗ ಬಿಗಿಯುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತು. ನೆರೆದ ನಾವು ಮಾಡಿದ್ದೆಲ್ಲ ತಪ್ಪು. ಒಬ್ಬರು ಕಾಲಿಗೆ ಹಗ್ಗ ಬಿಗಿದರು, ಇನ್ನೊಬ್ಬರು ಬ್ಲೇಡು ಹುಡುಕಿದರು. ಜೀವವೇನೋ ಉಳಿಯಿತು, ಕಾಲು ವಾಸಿಯಾಗಲು ತಿಂಗಳುಗಳೇ ಹಿಡಿದವು. ಬಿಗಿದ ಕಟ್ಟು ರಕ್ತಸಂಚಾರ ತಡೆದು ಅಂಗಕ್ಕೇ ಕುತ್ತು ತರುತ್ತದೆಂದು ವೈದ್ಯರು ಆಮೇಲೆ ತಿಳಿಸಿದರು. ಗಾಯ ಕೊಯ್ಯಬಾರದು, ವಿಷ ಹೀರಬಾರದು. ಬಾವು ಬರುವ ಮೊದಲೇ ಕಾಲುಂಗುರ, ಗೆಜ್ಜೆ ತೆಗೆದು, ಕಾಲು ಅಲುಗದಂತೆ ಮರದ ಪಟ್ಟಿಯ ಆಸರೆ ಕೊಟ್ಟು, ನಡೆಸದೆ, ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ಗೊತ್ತಿದ್ದರೆ ಸಾಕಿತ್ತು!

ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದ್ದು ಸರಿಯಾದ ಹೆಜ್ಜೆ. ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಯಲ್ಲೂ ಆರೋಗ್ಯ ಸಿಬ್ಬಂದಿ ಈ ಪ್ರಥಮ ಚಿಕಿತ್ಸೆಯನ್ನು ಅರ್ಧ ಗಂಟೆ ಮಾಡಿ ತೋರಿಸಲಿ.

– ಒಬ್ಬ ಬೆಳೆಗಾರ, ತೀರ್ಥಹಳ್ಳಿ