ಅಪಾಯಕಾರಿ ಕೈದಿಗೂ ಚಿಕಿತ್ಸೆ ಬೇಕು

ಮಾನ್ಯ ಸಂಪಾದಕರೇ,

ತೀವ್ರ ವ್ಯಕ್ತಿತ್ವ ದೋಷವಿರುವ (ಯೋಚನೆ, ಭಾವನೆ, ವರ್ತನೆಯಲ್ಲೇ ಬೇರೂರಿದ ಮಾನಸಿಕ ತೊಂದರೆ) ಅಪಾಯಕಾರಿ ಕೈದಿಗಳಿಗೆ ಚಿಕಿತ್ಸೆ ಅಂದ ಕೂಡಲೇ 'ಅಂಥವರಿಗೆ ಯಾಕೆ ಇಷ್ಟೆಲ್ಲ?' ಎಂದು ಸಿಟ್ಟಾಗುವವರೇ ಜಾಸ್ತಿ. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಇವರಲ್ಲಿ ಹಲವರು ಒಂದು ದಿನ ಹೊರಗೆ ಬರುವವರೇ ಅಲ್ವಾ?

ಚಿಕಿತ್ಸೆಗೆಂದೇ ಇರುವ ಇಂಗ್ಲೆಂಡಿನ ಗ್ರೆಂಡನ್ ಜೈಲು ಶುರುವಾಗಿದ್ದು 1962ರಲ್ಲಿ. ಅಲ್ಲಿಗೆ ಕೈದಿ ತಾನಾಗಿ ಒಪ್ಪಿ ಬರಬೇಕು. ಸಣ್ಣ ಗುಂಪಿನಲ್ಲಿ ಕೂತು, ತಾನು ಮಾಡಿದ್ದನ್ನು ಉಳಿದವರೆದುರು ಬಾಯಿಬಿಟ್ಟು ಹೇಳಬೇಕು. ನೆಪ ಹೇಳಿದರೆ ಪಕ್ಕದವನೇ ಹಿಡಿಯುತ್ತಾನೆ. ಆ ನೆಪವನ್ನು ಅವನೂ ಹೇಳಿದವನೇ! ನಿಯಮ ಮುರಿದವನನ್ನು ಉಳಿಸಿಕೊಳ್ಳಬೇಕೇ ಎಂದು ಕೈದಿಗಳೇ ಮತ ಹಾಕುತ್ತಾರೆ. ಸುಮ್ನೆ ಸೆಲ್‌ನಲ್ಲಿ ಮಲಗಿ ವರ್ಷ ಕಳೆಯುವುದಕ್ಕಿಂತ ಇದು ಕಷ್ಟ.

ಆಮೇಲೆ ಬ್ರಾಡ್‌ಮೂರ್, ರ‍್ಯಾಂಪ್ಟನ್ ಮಾನಸಿಕ ಆಸ್ಪತ್ರೆಗಳಲ್ಲೂ ವೈಟ್‌ಮೂರ್, ಫ್ರಾಂಕ್‌ಲ್ಯಾಂಡ್ ಜೈಲುಗಳಲ್ಲೂ ಇಂಥವರಿಗಾಗಿ ವಿಶೇಷ ಘಟಕಗಳು ಬಂದವು. ಖರ್ಚು ವಿಪರೀತ, ಜಾಗ ಕಡಿಮೆ. 2011ರ ನಂತರ ಅಲ್ಲಿನ ಸರ್ಕಾರ ಆ ಹಣವನ್ನು ಹೆಚ್ಚು ಜೈಲುಗಳಿಗೆ, ಬಿಡುಗಡೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಸಿಬ್ಬಂದಿಯ ತರಬೇತಿಗೆ ಹಂಚತೊಡಗಿತು. ನನಗೆ ಸರಿ ಕಂಡದ್ದು ಇದೇ. ಬಿಡುಗಡೆಯಾದವನ ಎದುರು ಮತ್ತೆ ಮತ್ತೆ ಕೂರಬೇಕಾದವರು ಪ್ರೊಬೇಷನ್ ಅಧಿಕಾರಿಗಳು. ಅವರಿಗೇ ಈ ಕಾಯಿಲೆಯ ಗುರುತು ಸಿಗದಿದ್ದರೆ ಹೇಗೆ?

— ಒಬ್ಬ ಓದುಗ